ರಕ್ತದಲ್ಲಿ ಸಿಗುವ ಮರೆವಿನ ಸುಳಿವು, ಮತ್ತು ಅದನ್ನು ಓದುವ ಕಷ್ಟ

ಸ್ವೀಡನ್ನಿನ ಗೋಥೆನ್‌ಬರ್ಗ್ ವಿಶ್ವವಿದ್ಯಾಲಯದ ನೇತೃತ್ವದ ಸಂಶೋಧಕರ ತಂಡವೊಂದು ನವಜಾತ ಶಿಶುಗಳ ರಕ್ತದಲ್ಲಿ ಪಿ-ಟೌ 217 ಎಂಬ ಪ್ರೋಟೀನು ಎಷ್ಟಿರುತ್ತದೆ ಎಂದು ಅಳೆದು 2025ರಲ್ಲಿ ವರದಿ ಮಾಡಿತು. ಆಲ್ಝೈಮರ್ ಕಾಯಿಲೆ ಇರುವವರ ರಕ್ತದಲ್ಲಿ ಏರುತ್ತದೆಂಬ ಕಾರಣಕ್ಕೆ ನರರೋಗ ತಜ್ಞರೆಲ್ಲ ಇಂದು ಬೆನ್ನು ಹತ್ತಿರುವ ಪ್ರೋಟೀನು ಇದು. ಅದರ ಪ್ರಮಾಣ ಆ ಕಾಯಿಲೆಯ ವೃದ್ಧರಿಗಿಂತ ಆಗ ತಾನೇ ಹುಟ್ಟಿದ ಕೂಸುಗಳಲ್ಲೇ ಹೆಚ್ಚಾಗಿತ್ತು. ದಿನ ತುಂಬುವ ಮೊದಲೇ ಹುಟ್ಟಿದವುಗಳಲ್ಲಿ ಇನ್ನಷ್ಟು ಹೆಚ್ಚು. ಮೊದಲ ಕೆಲವು ತಿಂಗಳಲ್ಲಿ ಅದು ತಾನಾಗಿ ಇಳಿದು ದೊಡ್ಡವರ ಮಟ್ಟಕ್ಕೆ ಬಂದು ನಿಲ್ಲುತ್ತದೆ. ಬೆಳೆಯುವ ಮಿದುಳಿಗೆ ಬೇಕಾದದ್ದೇ ಸವೆಯುವ ಮಿದುಳಿನಲ್ಲಿ ಕೇಡಿನ ಗುರುತಾಗುವುದು ಏಕೆ ಎಂಬುದು ಬೇರೆಯದೇ ಕುತೂಹಲದ ಪ್ರಶ್ನೆ. ಇಲ್ಲಿ ಅದನ್ನು ನೆನೆದದ್ದು ಇನ್ನೊಂದು ಕಾರಣಕ್ಕೆ: ಪ್ರಯೋಗಾಲಯದ ವರದಿಯಲ್ಲಿ ಅಚ್ಚಾಗಿ ಬರುವ ಅಂಕಿ, ಅದು ಯಾರ ರಕ್ತ ಎಂಬುದು ಗೊತ್ತಿಲ್ಲದಿದ್ದರೆ, ಏನನ್ನೂ ಹೇಳುವುದಿಲ್ಲ.

ಆಲ್ಝೈಮರ್‌ನ ರಕ್ತಪರೀಕ್ಷೆಯ ಬಗ್ಗೆ ಈಗ ಬರುತ್ತಿರುವ ಸುದ್ದಿಗಳನ್ನು ಓದುವಾಗ ಈ ಮಾತನ್ನು ಕೈಯಲ್ಲಿ ಹಿಡಿದಿರುವುದು ಒಳ್ಳೆಯದು. 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಇದೇ ಪ್ರೋಟೀನನ್ನು ಆಧರಿಸಿದ, ಫ್ಯೂಜಿರೆಬಿಯೊ ಕಂಪನಿಯ ಲುಮಿಪಲ್ಸ್ ಪರೀಕ್ಷೆಗೆ ಒಪ್ಪಿಗೆ ಕೊಟ್ಟಿತು. ಈ ಕಾಯಿಲೆಯ ಪತ್ತೆಗೆ ನೆರವಾಗಲೆಂದು ಅಲ್ಲಿ ಒಪ್ಪಿಗೆ ಪಡೆದ ಮೊದಲ ರಕ್ತಪರೀಕ್ಷೆ ಅದು. ಒಪ್ಪಿಗೆಯ ಷರತ್ತನ್ನು ಮಾತ್ರ ಬಹಳಷ್ಟು ಸುದ್ದಿಗಳು ಕೊನೆಯ ಸಾಲಿಗೆ ತಳ್ಳಿದವು: ವಯಸ್ಸು 55 ದಾಟಿರಬೇಕು, ಮರೆವಿನ ಲಕ್ಷಣಗಳು ಆಗಲೇ ಕಾಣಿಸಿಕೊಂಡಿರಬೇಕು, ತಜ್ಞರ ಬಳಿ ತಪಾಸಣೆ ನಡೆಯುತ್ತಿರಬೇಕು. ನನ್ನ ದೃಷ್ಟಿಯಲ್ಲಿ ಇಡೀ ಸುದ್ದಿಯ ಜೀವ ಇರುವುದು ಆ ಷರತ್ತಿನಲ್ಲಿ.

ರಕ್ತಪರೀಕ್ಷೆಯೊಂದು ಇಷ್ಟು ಸದ್ದು ಮಾಡಲು ಕಾರಣವಿದೆ. ಜರ್ಮನಿಯ ಫ್ರಾಂಕ್‌ಫರ್ಟ್‌ನ ಆಸ್ಪತ್ರೆಗೆ 1901ರಲ್ಲಿ ಬಂದು ಸೇರಿದ ಆಗುಸ್ಟೆ ಡೇಟರ್ ಎಂಬ 51ರ ಹೆಂಗಸನ್ನು ವೈದ್ಯ ಅಲೋಯಿಸ್ ಆಲ್ಝೈಮರ್ ಮಾತಾಡಿಸಿ, ಪ್ರಶ್ನೆ ಉತ್ತರಗಳನ್ನೆಲ್ಲ ಬರೆದಿಟ್ಟಿದ್ದರು. ಅವರಿಗೆ ಕಾಯಿಲೆಯ ಗುರುತು ಸಿಕ್ಕಿದ್ದು ಆಕೆ 1906ರಲ್ಲಿ ತೀರಿಕೊಂಡ ಮೇಲೆ, ಮಿದುಳಿನ ತೆಳುಪದರಗಳನ್ನು ಸೂಕ್ಷ್ಮದರ್ಶಕದಲ್ಲಿ ಇಟ್ಟು ನೋಡಿದಾಗ. ನರಕೋಶಗಳ ನಡುವೆ ಯಾವುದೋ ವಸ್ತುವಿನ ಗಡ್ಡೆಗಳಿದ್ದವು, ಕೋಶಗಳ ಒಳಗೆ ಎಳೆಗಳ ಸಿಕ್ಕು ಇತ್ತು. ಗಡ್ಡೆ ಅಮೈಲಾಯ್ಡ್ ಎಂಬ ಪ್ರೋಟೀನಿನದು, ಸಿಕ್ಕು ಟೌ ಎಂಬ ಪ್ರೋಟೀನಿನದು ಎಂದು ತಿಳಿಯುವುದಕ್ಕೆ 1980ರ ದಶಕ ಬರಬೇಕಾಯಿತು. ಅಲ್ಲಿಂದಾಚೆಗೂ ಎಷ್ಟೋ ವರ್ಷ, ಬದುಕಿರುವ ವ್ಯಕ್ತಿಗೆ ಕೊಡುತ್ತಿದ್ದ ಆಲ್ಝೈಮರ್ ಎಂಬ ಹೆಸರು ಒಂದು ಊಹೆಯೇ ಆಗಿತ್ತು. ಶವಪರೀಕ್ಷೆ ಆದರೆ ಮಾತ್ರ ಖಚಿತ.

ಆ ಊಹೆ ಎಷ್ಟು ತಪ್ಪುತ್ತಿತ್ತು ಎಂಬುದಕ್ಕೆ ಒಂದು ಉದಾಹರಣೆ ಸಾಕು. ಬ್ಯಾಪಿನ್ಯೂಜುಮಾಬ್ ಎಂಬ ಔಷಧದ ದೊಡ್ಡ ಪ್ರಯೋಗಗಳ ಫಲಿತಾಂಶ 2014ರಲ್ಲಿ ಪ್ರಕಟವಾಯಿತು. ಆ ಪ್ರಯೋಗಕ್ಕೆ ಆಲ್ಝೈಮರ್ ರೋಗಿಗಳೆಂದು ತಜ್ಞರೇ ಆರಿಸಿದವರಲ್ಲಿ ಕೆಲವರ ಮಿದುಳನ್ನು ಸ್ಕ್ಯಾನ್ ಮಾಡಿದಾಗ, ಎಪಿಒಇ 4 ಎಂಬ ಅಪಾಯಕಾರಿ ವಂಶವಾಹಿ ಇಲ್ಲದ ಗುಂಪಿನಲ್ಲಿ ಮೂರರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಅಮೈಲಾಯ್ಡ್ ಇರಲೇ ಇಲ್ಲ. ಅಮೈಲಾಯ್ಡ್ ತೆಗೆಯಲೆಂದು ಮಾಡಿದ ಔಷಧವನ್ನು ಅಮೈಲಾಯ್ಡ್ ಇಲ್ಲದವರಿಗೂ ಕೊಟ್ಟು ಫಲಿತಾಂಶಕ್ಕೆ ಕಾದಿದ್ದರು. ಬಯೋಮಾರ್ಕರ್, ಅಂದರೆ ದೇಹದಿಂದಲೇ ಅಳೆದು ತೆಗೆಯಬಹುದಾದ ಕಾಯಿಲೆಯ ಗುರುತು, ಬೇಕೇ ಬೇಕು ಎಂಬ ಒತ್ತಾಯದ ಹಿಂದೆ ಇಂಥ ಅನುಭವಗಳಿವೆ.

ಸ್ಕ್ಯಾನ್ ಇದ್ದರೆ ರಕ್ತ ಯಾಕೆ ಎಂದು ಕೇಳಬಹುದು. 2004ರಲ್ಲಿ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಕ್ಲಂಕ್ ಮತ್ತು ಮ್ಯಾಥಿಸ್ ಬದುಕಿರುವವರ ಮಿದುಳಿನ ಅಮೈಲಾಯ್ಡ್‌ಗೆ ಹೋಗಿ ಅಂಟಿಕೊಳ್ಳುವ ವಿಕಿರಣಶೀಲ ವಸ್ತುವಿನ ಫಲಿತಾಂಶ ಪ್ರಕಟಿಸಿದಾಗ ಅದು ನಿಜವಾದ ತಿರುವಾಗಿತ್ತು. ಆದರೆ ಅದರಲ್ಲಿ ಬಳಸಿದ ಕಾರ್ಬನ್-11 ಇಪ್ಪತ್ತು ನಿಮಿಷಕ್ಕೆ ಅರ್ಧಕ್ಕಿಳಿಯುವ ಧಾತು. ಅದನ್ನು ತಯಾರಿಸುವ ಸೈಕ್ಲೋಟ್ರಾನ್ ಎಂಬ ಯಂತ್ರ ಪಕ್ಕದಲ್ಲೇ ಇರಬೇಕು. ನಂತರ ಬಂದ ಫ್ಲೋರಿನ್-18 ಸುಮಾರು ಎರಡು ಗಂಟೆ ತಾಳುತ್ತದೆ, ಹಾಗಾಗಿ ಒಂದಿಷ್ಟು ದೂರ ಸಾಗಿಸಬಹುದು, ಆದರೂ ಪೆಟ್ ಎಂದು ಕರೆಯುವ ಈ ಬಗೆಯ ಸ್ಕ್ಯಾನ್ ದೊಡ್ಡ ನಗರಗಳ ದುಬಾರಿ ವ್ಯವಹಾರವಾಗಿಯೇ ಉಳಿಯಿತು. ಎರಡನೆಯ ದಾರಿ ಬೆನ್ನಿಗೆ ಸೂಜಿ ಹಾಕಿ ಮಿದುಳು ಬಳ್ಳಿಯ ಸುತ್ತಲಿನ ನೀರು ತೆಗೆಯುವುದು. ಮಿದುಳನ್ನು ತೊಳೆದು ಬರುವ ಆ ದ್ರವದಲ್ಲಿ ಅಮೈಲಾಯ್ಡ್ ಬೀಟಾ 42 ಇಳಿದಿದ್ದರೆ ಅದು ಮಿದುಳಿನೊಳಗೇ ಗಡ್ಡೆಯಾಗಿ ಕೂತಿದೆ ಎಂದರ್ಥ; ಟೌ ಏರಿದ್ದರೆ ನರಕೋಶಗಳು ತೊಂದರೆಯಲ್ಲಿವೆ ಎಂದರ್ಥ. ನಂಬಬಹುದಾದ ಪರೀಕ್ಷೆಯೇ ಹೌದು, ಆದರೆ ಬೆನ್ನಿಗೆ ಸೂಜಿ ಎಂದೊಡನೆ ಮನೆಯವರು ಹಿಂದೆ ಸರಿಯುತ್ತಾರೆ, ಮತ್ತು ಅದನ್ನು ಸರಿಯಾಗಿ ಮಾಡುವ ಕೈಗಳು ತಾಲ್ಲೂಕು ಆಸ್ಪತ್ರೆಗಳಲ್ಲಿ ಸಿಗುವುದು ಅಪರೂಪ.

ರಕ್ತದ ತೊಡಕು ಬೇರೆ. ಮಿದುಳಿನಿಂದ ಸೋರಿ ರಕ್ತಕ್ಕೆ ಸೇರುವ ಟೌ ಚೂರುಗಳ ಪ್ರಮಾಣವನ್ನು ಪಿಕೊಗ್ರಾಂನಲ್ಲಿ ಲೆಕ್ಕ ಹಾಕಬೇಕು. ಒಂದು ಪಿಕೊಗ್ರಾಂ ಎಂದರೆ ಗ್ರಾಂನ ಲಕ್ಷ ಕೋಟಿಯಲ್ಲಿ ಒಂದು ಪಾಲು; ಆರೋಗ್ಯವಂತರ ಒಂದು ಮಿಲಿಲೀಟರ್ ಪ್ಲಾಸ್ಮಾದಲ್ಲಿ, ಅಂದರೆ ರಕ್ತಕಣಗಳನ್ನು ಬೇರ್ಪಡಿಸಿದ ಮೇಲೆ ಉಳಿಯುವ ದ್ರವದಲ್ಲಿ, ಪಿ-ಟೌ 217 ಅಷ್ಟು ಕೂಡ ಇರುವುದಿಲ್ಲ. ಅದೇ ಪ್ಲಾಸ್ಮಾದಲ್ಲಿ ಬೇರೆ ಪ್ರೋಟೀನುಗಳು ಇದರ ಕೋಟಿ ಕೋಟಿ ಪಟ್ಟು ತುಂಬಿಕೊಂಡಿರುತ್ತವೆ. ಸಂತೆಯ ಗದ್ದಲದಲ್ಲಿ ಒಬ್ಬರ ಉಸಿರು ಕೇಳಿಸಿಕೊಳ್ಳುವ ಕೆಲಸ ಇದು. ಅಣುಗಳನ್ನು ಒಂದೊಂದಾಗಿ ಎಣಿಸುವಷ್ಟು ಸೂಕ್ಷ್ಮ ಯಂತ್ರಗಳು 2010ರ ದಶಕದಲ್ಲಿ ಕೈಗೆ ಸಿಕ್ಕ ಮೇಲೆ ಇದು ಸಾಧ್ಯವಾಯಿತು. ಹೆಸರಿನಲ್ಲಿರುವ 217 ಬರಿಯ ಸ್ಥಾನಸೂಚಿ: ಟೌ ಪ್ರೋಟೀನಿನ ಅತಿ ಉದ್ದದ ರೂಪದಲ್ಲಿ 441 ಅಮೈನೋ ಆಮ್ಲಗಳು ಸರಪಣಿಯಾಗಿ ಇರುತ್ತವೆ, ಅದರ 217ನೆಯ ಕೊಂಡಿಗೆ ಫಾಸ್ಫೇಟ್ ಅಂಟಿಕೊಂಡ ಚೂರನ್ನು ಯಂತ್ರ ಹುಡುಕುತ್ತದೆ. 181 ಮತ್ತು 231ನೆಯ ಕೊಂಡಿಗಳನ್ನೂ ಪರೀಕ್ಷಿಸಿ ನೋಡಿದ್ದಾರೆ. ಮಿದುಳಿನಲ್ಲಿ ಅಮೈಲಾಯ್ಡ್ ಇರುವವರನ್ನೂ ಇಲ್ಲದವರನ್ನೂ ಎಲ್ಲಕ್ಕಿಂತ ಚೆನ್ನಾಗಿ ಬೇರ್ಪಡಿಸುವುದು 217. ಟೌ ಚೂರನ್ನು ಅಳೆದು ಅಮೈಲಾಯ್ಡ್ ಬಗ್ಗೆ ಹೇಳುವುದು ವಿಚಿತ್ರವೆನಿಸಬಹುದು. ಅಮೈಲಾಯ್ಡ್ ಗಡ್ಡೆ ಕಟ್ಟತೊಡಗಿದಾಗ ಸುತ್ತಲಿನ ನರಕೋಶಗಳು ಇಂಥ ಟೌವನ್ನು ಹೆಚ್ಚಾಗಿ ಹೊರಗೆ ಹಾಕುತ್ತವೆ, ಅದಕ್ಕೇ ಆರಂಭದ ಘಟ್ಟದಲ್ಲಿ ಇದು ಅಮೈಲಾಯ್ಡ್‌ನ ನೆರಳಿನಂತೆ ಏರುತ್ತದೆ.

ಆ ಆರಂಭ ಎಷ್ಟು ಹಿಂದಿನದು? ವಂಶವಾಹಿಯ ದೋಷದಿಂದ ಮೂವತ್ತು, ನಲವತ್ತು, ಐವತ್ತರ ಹರೆಯದಲ್ಲೇ ಕಾಯಿಲೆ ಬರುವ ಕುಟುಂಬಗಳು ಜಗತ್ತಿನಲ್ಲಿ ಕೆಲವು ಇವೆ. ತಂದೆಗೋ ತಾಯಿಗೋ ಯಾವ ವಯಸ್ಸಿನಲ್ಲಿ ಶುರುವಾಯಿತೆಂದು ಗೊತ್ತಿರುವುದರಿಂದ ಮಕ್ಕಳಿಗೆ ಹೆಚ್ಚು ಕಡಿಮೆ ಯಾವಾಗ ಬರುತ್ತದೆಂದೂ ಹೇಳಬಹುದು. ಇಂಥ ಕುಟುಂಬಗಳ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಡಯಾನ್ ಅಧ್ಯಯನದ ಪ್ರಕಾರ, ಲಕ್ಷಣ ಕಾಣಿಸುವ 25 ವರ್ಷ ಮೊದಲೇ ಬೆನ್ನಿನ ನೀರಿನಲ್ಲಿ ಅಮೈಲಾಯ್ಡ್ ಇಳಿಯತೊಡಗುತ್ತದೆ. 15 ವರ್ಷ ಮೊದಲು ಸ್ಕ್ಯಾನ್‌ನಲ್ಲಿ ಗಡ್ಡೆ ಕಾಣುತ್ತದೆ, ಟೌ ಏರುತ್ತದೆ. ನೆನಪಿನ ಸೂಕ್ಷ್ಮ ಪರೀಕ್ಷೆಗಳಲ್ಲಿ ಎಡವುವುದು 10 ವರ್ಷ ಮೊದಲು. ಮನೆಯವರು ‘ಯಾಕೋ ಅಪ್ಪ ಮೊದಲಿನ ಹಾಗಿಲ್ಲ’ ಎನ್ನುವ ಹೊತ್ತಿಗೆ ಕಾಯಿಲೆ ನಡುವಯಸ್ಸಿಗೆ ಬಂದಿರುತ್ತದೆ. ಬೇಗ ಪತ್ತೆ ಮಾಡಬೇಕೆಂಬ ಆಸೆಗೆ ಬಲ ಬಂದದ್ದು ಇಲ್ಲಿಂದ, ಅದರಲ್ಲಿರುವ ಬಲೆಯೂ ಇಲ್ಲೇ ಇದೆ.

ಪರೀಕ್ಷೆ ಎಷ್ಟು ನಿಖರ ಎಂಬುದನ್ನು ಮೊದಲು ನ್ಯಾಯವಾಗಿ ನೋಡೋಣ. ಸ್ವೀಡನ್ನಿನಲ್ಲಿ 1,213 ರೋಗಿಗಳ ಮೇಲೆ ನಡೆದು 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪಿ-ಟೌ 217 ಮತ್ತು ಅಮೈಲಾಯ್ಡ್ ಎರಡನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ರಕ್ತಪರೀಕ್ಷೆ ಸುಮಾರು 91 ಶೇಕಡಾ ಸರಿಯಾದ ಉತ್ತರ ಕೊಟ್ಟಿತು. ಅದೇ ರೋಗಿಗಳನ್ನು ನೋಡಿದ ಪ್ರಾಥಮಿಕ ಹಂತದ ವೈದ್ಯರು ಮಾತು, ತಪಾಸಣೆ, ಮಾಮೂಲಿ ಸ್ಕ್ಯಾನ್‌ಗಳ ಆಧಾರದ ಮೇಲೆ 61 ಶೇಕಡಾ ಸರಿ ಹೇಳಿದ್ದರು, ಮರೆವಿನ ತಜ್ಞರು 73 ಶೇಕಡಾ. ವೈದ್ಯರ ಅಹಂಗೆ ಪೆಟ್ಟು ಕೊಡುವ ಅಂಕಿ ಎಂದು ತೋರಬಹುದಾದರೂ, ಮರೆವಿನ ದೂರು ಹೊತ್ತು ವೈದ್ಯರ ಬಳಿಗೆ ಬಂದವರ ಗುಂಪಿನಲ್ಲೇ ಪರೀಕ್ಷೆ ಗೆದ್ದದ್ದು ಎಂಬುದನ್ನು ಮರೆಯಬಾರದು. ಅಮೆರಿಕದ ಒಪ್ಪಿಗೆಗೆ ಆಧಾರವಾದ 499 ಮಾದರಿಗಳಲ್ಲೂ ಹಾಗೆಯೇ: ‘ಇದೆ’ ಎಂದು ಬಂದವರಲ್ಲಿ 91.7 ಶೇಕಡಾ ಮಂದಿಗೆ ಮಿದುಳಿನಲ್ಲಿ ಅಮೈಲಾಯ್ಡ್ ಇತ್ತು, ‘ಇಲ್ಲ’ ಎಂದು ಬಂದವರಲ್ಲಿ 97.3 ಶೇಕಡಾ ಮಂದಿಗೆ ಇರಲಿಲ್ಲ, ಮತ್ತು ಇಪ್ಪತ್ತು ಶೇಕಡಾಕ್ಕಿಂತ ಕಡಿಮೆ ಮಂದಿಗೆ ಉತ್ತರ ಅತ್ತಲೂ ಇಲ್ಲ ಇತ್ತಲೂ ಇಲ್ಲ. ಅಲ್ಲಿದ್ದವರೆಲ್ಲ ಆಗಲೇ ಮರೆವಿನ ತೊಂದರೆ ಇದ್ದವರು.

ಅದೇ ಪರೀಕ್ಷೆಯನ್ನು ಬೇರೆ ಜನರ ಮೇಲೆ ಮಾಡಿದರೆ ಏನಾಗುತ್ತದೆಂದು ಒಂದು ಹಾಳೆ ತೆಗೆದುಕೊಂಡು ಲೆಕ್ಕ ಹಾಕಬಹುದು. ಪರೀಕ್ಷೆಯು ಅಮೈಲಾಯ್ಡ್ ಇದ್ದವರಲ್ಲಿ ನೂರಕ್ಕೆ 90 ಜನರನ್ನು ಹಿಡಿಯುತ್ತದೆ, ಇಲ್ಲದವರಲ್ಲಿ ನೂರಕ್ಕೆ 90 ಜನರನ್ನು ಸರಿಯಾಗಿ ಬಿಡುತ್ತದೆ ಎಂದುಕೊಳ್ಳಿ. ಮರೆವಿನ ಕ್ಲಿನಿಕ್ಕಿಗೆ ಬಂದ ಸಾವಿರ ಜನರಲ್ಲಿ 600 ಜನರಿಗೆ ನಿಜಕ್ಕೂ ಅಮೈಲಾಯ್ಡ್ ಇದ್ದರೆ, ಪರೀಕ್ಷೆ ಅವರಲ್ಲಿ 540 ಜನರನ್ನು ಹಿಡಿಯುತ್ತದೆ, ಇಲ್ಲದ 400ರಲ್ಲಿ 40 ಜನರಿಗೆ ತಪ್ಪಾಗಿ ‘ಇದೆ’ ಎನ್ನುತ್ತದೆ. ಒಟ್ಟು 580 ಜನರ ಕೈಯಲ್ಲಿ ‘ಇದೆ’ ಎಂಬ ವರದಿ, ಅದರಲ್ಲಿ ನೂರಕ್ಕೆ 93 ನಿಜ. ಈಗ ಅದೇ ಯಂತ್ರವನ್ನು ಅಪಾರ್ಟ್‌ಮೆಂಟಿನ ಆರೋಗ್ಯ ಶಿಬಿರಕ್ಕೆ ಒಯ್ಯಿರಿ. ಬಂದ ಸಾವಿರ ಜನ ಐವತ್ತೈದು ಅರವತ್ತರ ಆಸುಪಾಸಿನವರು, ಯಾವ ದೂರೂ ಇಲ್ಲ, ನೂರು ಜನರಲ್ಲಿ ಅಮೈಲಾಯ್ಡ್ ಇದೆ ಎಂದಿಟ್ಟುಕೊಳ್ಳೋಣ. ಅವರಲ್ಲಿ 90 ಜನ ಸಿಕ್ಕಿಬೀಳುತ್ತಾರೆ. ಇಲ್ಲದ 900ರಲ್ಲಿಯೂ ತಪ್ಪಾಗಿ ಸಿಕ್ಕಿಬೀಳುವವರು 90. ‘ಇದೆ’ ಎಂಬ ವರದಿ ಹಿಡಿದು ಮನೆಗೆ ಹೋಗುವ 180 ಜನರಲ್ಲಿ ಅರ್ಧಕ್ಕರ್ಧ ಜನರಿಗೆ ಅದು ಸುಳ್ಳು. ಪರೀಕ್ಷೆ ಕೆಟ್ಟಿಲ್ಲ, ರಾಸಾಯನಿಕ ಬದಲಾಗಿಲ್ಲ, ಸಾಲಿನಲ್ಲಿ ನಿಂತವರು ಬದಲಾದರು ಅಷ್ಟೆ. ಅದೇ ಶಿಬಿರದಲ್ಲಿ ‘ಇಲ್ಲ’ ಎಂದು ಬಂದ 820 ಜನರಲ್ಲಿ ತಪ್ಪಿಸಿಕೊಂಡವರು ಹತ್ತೇ ಜನ. ಈ ಪರೀಕ್ಷೆಗಳ ನಿಜವಾದ ಶಕ್ತಿ ಆಲ್ಝೈಮರ್ ಅಲ್ಲ ಎಂದು ಹೇಳುವುದರಲ್ಲಿದೆ. ಪಿ-ಟೌ 181 ಅಳೆಯುವ ಇನ್ನೊಂದು ಪರೀಕ್ಷೆಗೆ ಅಮೆರಿಕದಲ್ಲಿ 2025ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ಸಿಕ್ಕಿದ್ದೂ ಪ್ರಾಥಮಿಕ ಹಂತದಲ್ಲಿ ಹೀಗೆ ಬದಿಗಿರಿಸುವ ಕೆಲಸಕ್ಕೇ.

ಇನ್ನು, ಸರಿಯಾಗಿಯೇ ಸಿಕ್ಕಿಬಿದ್ದ ಆ 90 ಜನರ ಗತಿ ಏನು? 2015ರಲ್ಲಿ ಪ್ರಕಟವಾದ ದೊಡ್ಡ ವಿಶ್ಲೇಷಣೆಯೊಂದು, ನೆನಪು ಬುದ್ಧಿ ಎಲ್ಲ ಸರಿಯಿರುವವರಲ್ಲಿ ಐವತ್ತರ ವಯಸ್ಸಿಗೆ ಸುಮಾರು 10 ಶೇಕಡಾ, ತೊಂಬತ್ತರ ವಯಸ್ಸಿಗೆ ಸುಮಾರು 44 ಶೇಕಡಾ ಜನರ ಮಿದುಳಿನಲ್ಲಿ ಅಮೈಲಾಯ್ಡ್ ಇರುತ್ತದೆ ಎಂದು ಅಂದಾಜಿಸಿತು. ಅಂದರೆ ಗಡ್ಡೆಯನ್ನು ತಲೆಯಲ್ಲಿಟ್ಟುಕೊಂಡೇ ಮೊಮ್ಮಕ್ಕಳ ಹೆಸರು ಮರೆಯದೆ, ಲೆಕ್ಕಪತ್ರ ತಪ್ಪದೆ ಬದುಕು ಮುಗಿಸುವವರು ಕಡಿಮೆಯಿಲ್ಲ. ಇವರನ್ನು ರೋಗಿಗಳೆನ್ನಬೇಕೇ ಎಂಬ ಬಗ್ಗೆ ತಜ್ಞರಲ್ಲೇ ಜಗಳವಿದೆ. ಅಮೆರಿಕದ ಆಲ್ಝೈಮರ್ಸ್ ಅಸೋಸಿಯೇಷನ್ ಕರೆದ ತಜ್ಞರ ಗುಂಪು 2024ರಲ್ಲಿ ಕಾಯಿಲೆಯನ್ನು ಜೈವಿಕವಾಗಿ ವ್ಯಾಖ್ಯಾನಿಸಿ, ಒಪ್ಪಿತ ಗುರುತೊಂದು ಅಸಹಜವಾಗಿದ್ದರೆ ಲಕ್ಷಣ ಇರಲಿ ಬಿಡಲಿ ಆಲ್ಝೈಮರ್ ಇದೆ ಎಂದೇ ಅರ್ಥ ಎಂದಿತು. ಅದೇ ವರ್ಷ ತಜ್ಞರ ಇನ್ನೊಂದು ಗುಂಪಾದ ಅಂತಾರಾಷ್ಟ್ರೀಯ ಕಾರ್ಯತಂಡದವರು ಇದನ್ನು ಒಪ್ಪಲಿಲ್ಲ. ಲಕ್ಷಣವಿಲ್ಲದವರನ್ನು ಅಪಾಯದ ಅಂಚಿನಲ್ಲಿರುವವರು ಎನ್ನಬಹುದೇ ಹೊರತು ರೋಗಿಗಳೆನ್ನಲಾಗದು ಎಂದರು. ಮೊದಲನೆಯವರ ವಾದ ಸಂಶೋಧನೆಗೆ ಅನುಕೂಲ, ಏಕೆಂದರೆ ಔಷಧ ಪರೀಕ್ಷಿಸುವಾಗ ಎಲ್ಲರೂ ಒಂದೇ ಕಾಯಿಲೆಯ ಬಗ್ಗೆ ಮಾತಾಡಬೇಕು. ಮನೆಯೊಳಗೆ ನಿಂತು ನೋಡಿದರೆ ನನಗೆ ಎರಡನೆಯದೇ ಸರಿ ಕಾಣುತ್ತದೆ. ಕೆಲಸದಲ್ಲಿರುವ ಐವತ್ತೆಂಟರ ಒಬ್ಬರಿಗೆ ಆ ಹೆಸರು ಅಂಟಿದ ದಿನದಿಂದ ಅವರು ಮರೆತ ಪ್ರತಿಯೊಂದು ಬೀಗದ ಕೈಯೂ ಸಾಕ್ಷಿಯಾಗಿಬಿಡುತ್ತದೆ, ಅವರಿಗೂ ಮನೆಯವರಿಗೂ.

ಬೇಗ ಗೊತ್ತಾದರೆ ಬೇಗ ಮದ್ದು ಕೊಡಬಹುದಲ್ಲ ಎಂಬ ಮಾತಿಗೆ ಈಗ ಮೊದಲಿಗಿಂತ ತೂಕ ಬಂದಿದೆ. ಅಮೈಲಾಯ್ಡ್ ತೆಗೆಯುವ ಲೆಕಾನೆಮಾಬ್ ಎಂಬ ಔಷಧಕ್ಕೆ 2023ರಲ್ಲಿ, ಡೊನಾನೆಮಾಬ್‌ಗೆ 2024ರಲ್ಲಿ ಅಮೆರಿಕದಲ್ಲಿ ಪೂರ್ಣ ಒಪ್ಪಿಗೆ ಸಿಕ್ಕಿತು. ಡೊನಾನೆಮಾಬ್‌ಗೆ 2025ರಲ್ಲಿ ಭಾರತದಲ್ಲೂ ಅನುಮತಿ ದೊರೆಯಿತು. ಎರಡಕ್ಕೂ ಆರಂಭದ ಘಟ್ಟದ ರೋಗಿಗಳು ಬೇಕು, ಮಿದುಳಿನಲ್ಲಿ ಅಮೈಲಾಯ್ಡ್ ಇದೆ ಎಂಬ ಪುರಾವೆ ಬೇಕು. ಆದರೆ ಲಾಭದ ಅಳತೆಯನ್ನು ಕಣ್ತೆರೆದು ನೋಡಬೇಕು. 1,795 ಜನರ ಮೇಲೆ ನಡೆದ ಲೆಕಾನೆಮಾಬ್ ಪ್ರಯೋಗದಲ್ಲಿ 18 ತಿಂಗಳ ನಂತರ, ನೆನಪು ಮತ್ತು ದಿನನಿತ್ಯದ ಬದುಕು ಎಷ್ಟು ಕುಂದಿದೆ ಎಂದು ಅಳೆಯುವ 18 ಅಂಕಗಳ ಅಳತೆಗೋಲಿನಲ್ಲಿ, ಔಷಧ ಪಡೆದವರಿಗೂ ಪಡೆಯದವರಿಗೂ ಇದ್ದ ಅಂತರ 0.45. ಇದನ್ನೇ ‘ಕಾಯಿಲೆಯ ವೇಗ 27 ಶೇಕಡಾ ತಗ್ಗಿತು’ ಎಂದೂ ಹೇಳಬಹುದು, ಸುದ್ದಿಗಳು ಹಾಗೆಯೇ ಹೇಳಿದವು. ಔಷಧ ಪಡೆದವರಲ್ಲಿ 12.6 ಶೇಕಡಾ ಜನರ ಮಿದುಳಿನಲ್ಲಿ ಊತ ಕಂಡಿತು, ಆದ್ದರಿಂದ ಚಿಕಿತ್ಸೆಯ ಜೊತೆಗೆ ಪದೇ ಪದೇ ಎಂಆರ್‌ಐ ಆಗಲೇಬೇಕು. ಲಕ್ಷಣವೇ ಇಲ್ಲದವರಿಗೆ ಇಂಥ ಔಷಧ ಕೊಟ್ಟರೆ ಕಾಯಿಲೆ ತಡೆಯುತ್ತದೆಂದು ಈವರೆಗೆ ಯಾವ ಪ್ರಯೋಗವೂ ತೋರಿಸಿಲ್ಲ. ಸೊಲನೆಝುಮಾಬ್ ಎಂಬ ಇನ್ನೊಂದು ಔಷಧವನ್ನು ಅಂಥವರಿಗೇ ನಾಲ್ಕೂವರೆ ವರ್ಷ ಕೊಟ್ಟ ಪ್ರಯೋಗ 2023ರಲ್ಲಿ ಸೋಲಿನಲ್ಲಿ ಮುಗಿಯಿತು.

ನಮ್ಮ ಕಡೆಯ ಲೆಕ್ಕ ಇನ್ನೊಂದು ಥರ. ಭಾರತದಲ್ಲಿ ಅರವತ್ತು ದಾಟಿದವರಲ್ಲಿ 7.4 ಶೇಕಡಾ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ (ಯಾವುದೇ ಕಾರಣದಿಂದ ನೆನಪು, ಬುದ್ಧಿ ಕುಂದುವ ಸ್ಥಿತಿ) ಇದೆಯೆಂದು ರಾಷ್ಟ್ರಮಟ್ಟದ ಲಾಸಿ-ಡ್ಯಾಡ್ ಅಧ್ಯಯನ 2023ರಲ್ಲಿ ಅಂದಾಜು ಮಾಡಿತು. ಗಂಡಸರಿಗಿಂತ ಹೆಂಗಸರಲ್ಲಿ, ಪಟ್ಟಣಕ್ಕಿಂತ ಹಳ್ಳಿಗಳಲ್ಲಿ ಹೆಚ್ಚು. ಇವರಲ್ಲಿ ಬಹುಪಾಲು ಜನ ಯಾವ ವೈದ್ಯರ ಮುಂದೆಯೂ ಮರೆವಿನ ದೂರು ಹೇಳಿಲ್ಲ. ಅರವತ್ತಕ್ಕೆ ಅರಳು ಮರಳು ಎಂದು ಹಿರಿಯರೇ ಹೇಳಿಟ್ಟ ಮೇಲೆ ಅಜ್ಜಿ ಸಾರಿಗೆ ಎರಡು ಸಲ ಉಪ್ಪು ಹಾಕಿದ್ದನ್ನು ಡಾಕ್ಟರಿಗೆ ಯಾರು ಹೇಳುತ್ತಾರೆ? ಹೇಳಿದರೂ, ಆ ಮರೆವಿನ ಹಿಂದೆ ಬಿ12 ಕೊರತೆ ಇರಬಹುದು, ಥೈರಾಯ್ಡ್ ಇರಬಹುದು, ಗಂಡನನ್ನು ಕಳೆದುಕೊಂಡ ಮೇಲೆ ಕವಿದ ಖಿನ್ನತೆ ಇರಬಹುದು, ಬರಿಯ ಕಿವುಡು ಇರಬಹುದು, ಬಚ್ಚಲಲ್ಲಿ ಜಾರಿ ಬಿದ್ದಾಗ ತಲೆಯೊಳಗೆ ಹೆಪ್ಪುಗಟ್ಟಿದ ರಕ್ತವೂ ಇರಬಹುದು. ಇವೆಲ್ಲ ಕಡಿಮೆ ಖರ್ಚಿನಲ್ಲಿ ಪತ್ತೆಯಾಗುವಂಥವು, ಕೆಲವು ಪೂರ್ತಿ ವಾಸಿಯಾಗುವಂಥವು. ಎಪ್ಪತ್ತೆಂಟರ ಅಜ್ಜಿಯ ಪಿ-ಟೌ 217 ಏರಿದೆ ಎಂಬ ಒಂದೇ ವರದಿ ಇಟ್ಟುಕೊಂಡು ಇವನ್ನು ನೋಡದೆ ಬಿಟ್ಟರೆ, ಅಮೈಲಾಯ್ಡ್ ಸುಮ್ಮನೆ ಪಕ್ಕದಲ್ಲಿ ಕೂತಿದ್ದ ಮಿದುಳಿನಲ್ಲಿ ನಿಜವಾದ ಕಾರಣ ಹಾಗೇ ಉಳಿದುಬಿಡುತ್ತದೆ.

ಮನೆಯವರ ಮಾತು ಕೇಳುವುದು, ಸರಿಯಾದ ಪ್ರಶ್ನೆ ಕೇಳುವುದು ಕೂಡ ಪರೀಕ್ಷೆಯೇ, ಅದಕ್ಕೂ ಉಪಕರಣ ಬೇಕು. ಇಂಗ್ಲಿಷಿನಿಂದ ಬಂದ ನೆನಪಿನ ಪರೀಕ್ಷೆಗಳಲ್ಲಿ ವಾಕ್ಯ ಬರೆಯಿರಿ, ಗಡಿಯಾರದ ಚಿತ್ರ ಬಿಡಿಸಿ ಹನ್ನೊಂದು ಹತ್ತು ತೋರಿಸಿ ಎನ್ನುತ್ತಾರೆ. ಬಳಪ ಹಿಡಿಯದ ಕೈಗೆ ಪೆನ್ನು ಕೊಟ್ಟು ಹೀಗೆ ಕೇಳಿದರೆ ಅಳೆಯುವುದು ಶಾಲೆಯನ್ನು, ಮಿದುಳನ್ನಲ್ಲ. ಅಂಥವರನ್ನು ನಾಗರಪಂಚಮಿ ಆದ ಮೇಲೆ ಯಾವ ಹಬ್ಬ ಬರುತ್ತದೆ, ಐನೂರರ ನೋಟು ಕೊಟ್ಟು ಮುನ್ನೂರ ಎಂಬತ್ತರ ಸಾಮಾನು ತಂದರೆ ಚಿಲ್ಲರೆ ಎಷ್ಟು ಎಂದು ಕೇಳಿದರೆ ಬುದ್ಧಿಯ ಹದ ತಿಳಿಯುತ್ತದೆ. ಐಸಿಎಂಆರ್ ಮುಂದಾಳತ್ವದಲ್ಲಿ ಕನ್ನಡವೂ ಸೇರಿ ಐದು ಭಾರತೀಯ ಭಾಷೆಗಳಿಗೆ ಹೊಂದಿಸಿದ ಪರೀಕ್ಷೆಗಳ ಗುಚ್ಛ ಈಗ ಇದೆ, ಬೆಂಗಳೂರಿನ ನಿಮ್ಹಾನ್ಸ್ ಆ ಕೆಲಸದಲ್ಲಿ ಪಾಲುಗೊಂಡಿತ್ತು. ರಕ್ತಪರೀಕ್ಷೆಯ ಸುದ್ದಿಗೆ ಸಿಕ್ಕ ಜಾಗದ ಹತ್ತರಲ್ಲೊಂದು ಪಾಲೂ ಅದಕ್ಕೆ ಸಿಗಲಿಲ್ಲ ಎಂಬ ಬೇಸರ ನನ್ನದು.

ಇನ್ನೊಂದು ಕಡೆಯಿಂದಲೂ ಈ ಅಂಕಿಗಳು ನಮ್ಮದಾಗಬೇಕಿದೆ. ‘ಇಷ್ಟಕ್ಕಿಂತ ಹೆಚ್ಚಿದ್ದರೆ ಇದೆ’ ಎಂಬ ಗಡಿರೇಖೆಗಳನ್ನು ಹಾಕಿದ್ದು ಹೆಚ್ಚಾಗಿ ಯೂರೋಪು, ಅಮೆರಿಕದ ಜನರ ರಕ್ತ ನೋಡಿ. ಮೂತ್ರಪಿಂಡ ಸೊರಗಿದವರಲ್ಲಿ ಈ ಪ್ರೋಟೀನು ದೇಹದಿಂದ ಹೊರಹೋಗದೆ ಉಳಿದು, ಮಿದುಳಿನಲ್ಲಿ ಏನೂ ಇಲ್ಲದಿದ್ದರೂ ಅಂಕಿ ಏರುತ್ತದೆ. ಬೊಜ್ಜು ಇರುವವರಲ್ಲಿ ಇಳಿಯುತ್ತದೆ. ಒಂದೇ ಪ್ರೋಟೀನನ್ನು ಅಳೆಯದೆ ಅಮೈಲಾಯ್ಡ್ ಜೊತೆಗಿನ ಅನುಪಾತ ತೆಗೆದರೆ ಈ ಏರುಪೇರು ಒಂದಿಷ್ಟು ತಗ್ಗುತ್ತದೆ, ಪೂರ್ತಿ ಹೋಗುವುದಿಲ್ಲ. ಸಕ್ಕರೆ ಕಾಯಿಲೆಯಿಂದ ಕಿಡ್ನಿ ಕೆಟ್ಟವರು ಬೀದಿಗೆ ಇಬ್ಬರಿರುವ ನಾಡಿನಲ್ಲಿ ಇದು ಸಣ್ಣ ಅಡಿಟಿಪ್ಪಣಿ ಅಲ್ಲ. ಹೀಗಾಗಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ ನಡೆಸುತ್ತಿರುವ ಕೆಲಸಕ್ಕೆ ಬೆಲೆ ಬರುತ್ತದೆ. ಮಾವಿನ ತೋಟಗಳ ನಡುವಿನ ಹಳ್ಳಿಗಳಲ್ಲಿ 45 ದಾಟಿದ ಹತ್ತು ಸಾವಿರ ಜನರನ್ನು ವರ್ಷಾನುಗಟ್ಟಲೆ ಹಿಂಬಾಲಿಸಿ, ರಕ್ತ, ವಂಶವಾಹಿ, ಎಂಆರ್‌ಐ, ನೆನಪಿನ ಪರೀಕ್ಷೆ ಎಲ್ಲವನ್ನೂ ದಾಖಲಿಸುವ ಗುರಿ ಅದರದು. ಬೆಂಗಳೂರಿನ ನಗರವಾಸಿಗಳ ಮೇಲೆ ಅದಕ್ಕೆ ಜೋಡಿಯಾಗಿ ಇನ್ನೊಂದು ಅಧ್ಯಯನವಿದೆ. ನಮ್ಮವರ ರಕ್ತದಲ್ಲಿ ಯಾವುದು ಸಹಜ, ಯಾವುದು ಅಸಹಜ ಎಂಬ ಗೆರೆ ಎಳೆಯುವುದಕ್ಕೆ ಬೇಕಾದದ್ದು ಇಂಥ ದಾಖಲೆ. ಆ ಗೆರೆ ಬೀಳುವ ತನಕ, ಪಿ-ಟೌ 217ರ ವರದಿ ಕೈಗೆ ಬಂದ ಕುಟುಂಬ ಅದನ್ನು ಒಂಟಿಯಾಗಿ ಓದದೆ, ಅದೇ ವಾರದ ಕ್ರಿಯಾಟಿನಿನ್ (ಮೂತ್ರಪಿಂಡದ ಸ್ಥಿತಿ ಹೇಳುವ ಪರೀಕ್ಷೆ), ಬಿ12 ಮತ್ತು ಥೈರಾಯ್ಡ್ ವರದಿಗಳೊಡನೆ ಒಂದೇ ಕಡತದಲ್ಲಿಟ್ಟು ನರರೋಗ ತಜ್ಞರ ಮೇಜಿನ ಮೇಲೆ ಇಡಬೇಕು, ಮತ್ತು ಅವರ ಮೊದಲ ಪ್ರಶ್ನೆ ‘ಏನೇನು ಮರೆಯುತ್ತಾರೆ, ಯಾವಾಗಿನಿಂದ?’ ಎಂದಿದ್ದರೆ ಸರಿಯಾದ ಜಾಗಕ್ಕೆ ಬಂದಿದ್ದೇವೆಂದು ತಿಳಿಯಬಹುದು.